ಕೂರಿಸಲು ಐವತ್ತು ಸೆಂಟು

ಸೀ ಪಾಯಿಂಟ್, ಕೇಪ್ ಟೌನ್
16 ಮಾರ್ಚ್ 1986

ತಮ್ಮ ವುಸುಂಝಿ,

ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ನನ್ನ ಮಾತು ಕೇಳುವುದಿಲ್ಲ. ನೀನು ಪತ್ರ ಬರೆದು ಏಳು ವಾರವಾಯಿತು. ಮೇಷ್ಟ್ರಿಗೆ ಬರೆಯಲು ಪುರುಸೊತ್ತಿಲ್ಲ, ನೆಲ ಒರೆಸುವವಳಿಗೆ ಇದೆ, ನೋಡು.

ಮೇಡಂ ರೇಡಿಯೋ ಹಾಕಿದಾಗ ನಾನು ಬೇಕೆಂದೇ ನಿಧಾನವಾಗಿ ಪಾತ್ರೆ ಒರೆಸುತ್ತಾ ಕೇಳುತ್ತೇನೆ. ನಮ್ಮ ಕಡೆ ಮಕ್ಕಳು ತರಗತಿಗೆ ಹೋಗುತ್ತಿಲ್ಲವಂತೆ, ಬಸ್ಸು ಸುಟ್ಟರಂತೆ, ಯಾರದೋ ಮನೆಗೆ ಬೆಂಕಿ ಇಟ್ಟರಂತೆ. ಊರಿನ ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ಮೇಡಂ ಬೇರೆ ಸ್ಟೇಷನ್ನಿಗೆ ತಿರುಗಿಸಿಬಿಡುತ್ತಾರೆ. ನಮ್ಮ ಎಜೊಲೆನಿ ಹೇಗಿದೆ? ಫುಮ್ಲಾ ಶಾಲೆಗೆ ಹೋಗುತ್ತಿದ್ದಾಳೆಯೇ? ನನಗೆ ನಿಜ ಬೇಕು.

ಹದಿನಾರು ವರ್ಷದ ಮಗಳನ್ನು ನಿನ್ನ ಮನೆಯಲ್ಲಿ ಬಿಟ್ಟು ನಾನು ಇಲ್ಲಿ ಇನ್ನೊಬ್ಬರ ಮಗಳ ಸಾಕ್ಸ್ ಒಗೆಯುತ್ತಿರುವುದು ಒಂದೇ ಕಾರಣಕ್ಕೆ. ಅವಳು ಮೆಟ್ರಿಕ್ ಮುಗಿಸಬೇಕು, ನರ್ಸ್ ಆಗಬೇಕು, ಯಾರ ಮನೆಗೂ ಹಿಂಬಾಗಿಲಿನಿಂದ ಹೋಗಬಾರದು. ಶಾಲೆ ಮುಚ್ಚಿದೆ ಎಂಬ ಒಂದು ಮಾತು ಕಿವಿಗೆ ಬಿದ್ದರೂ ಸಾಕು, ಅವಳನ್ನು ಟ್ರಾನ್ಸ್‌ಕೈಗೆ ಚಿಕ್ಕಮ್ಮನ ಹತ್ತಿರ ಕಳಿಸಿ ಅಲ್ಲಿನ ಹಾಸ್ಟೆಲ್ ಶಾಲೆಗೆ ಸೇರಿಸುತ್ತೇನೆ. ಆಮೇಲೆ ನಿನ್ನ ಕ್ವಾಯರಿನಲ್ಲಿ ಒಂಟಿ ಹಾಡು ಹಾಡುವವರಿಲ್ಲ ಎಂದು ಗೋಳಾಡಬೇಡ. ನೀನೇ ಹಾಡಿಕೊ.

ನಿನ್ನ ಅಕ್ಕ
ನೊಂಬುಲೆಲೊ

* * *

ಎಜೊಲೆನಿ
4 ಏಪ್ರಿಲ್ 1986

ಮಾದ್ಲೊಮೊ ಅಕ್ಕನಿಗೆ,

ಕುಲದ ಹೆಸರು ಹಿಡಿದು ಕರೆದರೆ ನಿನ್ನ ಸಿಟ್ಟು ಅರ್ಧ ಇಳಿಯುತ್ತದೆ ಎಂದು ಅಮ್ಮ ಹೇಳುತ್ತಿದ್ದರು. ಅದಕ್ಕೇ ಹೀಗೆ ಶುರು ಮಾಡಿದ್ದೇನೆ.

ಇಲ್ಲಿ ಎಲ್ಲ ಸರಿಯಾಗಿದೆ. ರೇಡಿಯೋದವರು ಹೇಳುವುದು ದೊಡ್ಡ ಊರುಗಳ ಮಾತು. ಶಾಲೆ ನಡೆಯುತ್ತಿದೆ, ಹಾಜರಿ ಕೊಂಚ ಕಡಿಮೆ, ಅಷ್ಟೇ. ಫುಮ್ಲಾ ಚೆನ್ನಾಗಿ ಓದುತ್ತಾಳೆ, ಚೆನ್ನಾಗಿ ತಿನ್ನುತ್ತಾಳೆ, ನನ್ನ ಹತ್ತಿರ ಚೆನ್ನಾಗಿ ವಾದ ಮಾಡುತ್ತಾಳೆ. ಆ ಗುಣ ಎಲ್ಲಿಂದ ಬಂತೆಂದು ನಿನಗೆ ಗೊತ್ತು.

ಇಲಾಖೆಯ ಸ್ಪರ್ಧೆಗೆ ಈ ವರ್ಷ ಗೊತ್ತುಮಾಡಿದ ಹಾಡು ಬಂದಿದೆ. ಸಂಜೆಯ ಮೇಲಿನ ಹಾಡು. ನಡುವೆ ಹದಿನಾರು ಮಾತ್ರೆ ಒಂದೇ ಒಂದು ದನಿ, ಉಳಿದವರೆಲ್ಲ ಬಾಯಿ ಮುಚ್ಚಿ ಗುನುಗಬೇಕು. ಆ ದನಿ ನಿನ್ನ ಮಗಳದು. ಹಳೆಯ ಕ್ಯಾಲೆಂಡರುಗಳ ಬೆನ್ನ ಮೇಲೆ ಡೊ ರೆ ಮಿ ಬರೆದು ಗೋಡೆಗೆ ಅಂಟಿಸಿದ್ದೇನೆ. ಅವಳ ಸಾಲು ನಿನಗೂ ಕಳಿಸುತ್ತೇನೆ, ಇಸ್ತ್ರಿ ಮಾಡುವಾಗ ಹಾಡಿಕೊ: ಸೊ ಸೊ ಲಾ ಸೊ ಮಿ, ರೆ ಮಿ ಫಾ ಮಿ ಡೊ.

ಇಪ್ಪತ್ತೆರಡು ವರ್ಷದಿಂದ ಕಲಿಸುತ್ತಿದ್ದೇನೆ. ಪಟ್ಟಣದ ಬಿಳಿಯರ ಶಾಲೆಗೆ ಸಿಗುವ ಪುಸ್ತಕದಲ್ಲಿ ನಮಗೆ ಕಾಲುಭಾಗವೂ ಸಿಗುವುದಿಲ್ಲ. ಡೊ ರೆ ಮಿಯಲ್ಲಿ ಮಾತ್ರ ಕಾಲುಭಾಗ ಕೊಡಲು ಯಾವ ಇಲಾಖೆಗೂ ಸಾಧ್ಯವಿಲ್ಲ. ಏಳಕ್ಕೆ ಏಳೂ ನಮಗೂ ಇವೆ.

ಚಳಿ ಎಂದು ಕಿಟಕಿಗಳಿಗೆ ಕಂಬಳಿ ಹೊದಿಸಿ ಮನೆಯಲ್ಲೇ ಅಭ್ಯಾಸ ಮಾಡಿಸುತ್ತಿದ್ದೇನೆ. ನಿನ್ನ ಗೆಳತಿ ಮಾಂಬೆಲೆಯವರ ಮಗ ಝಮಿಲೆ ನೆನಪಿದ್ದಾನಲ್ಲ, ನನ್ನ ಹಳೆಯ ಟೆನರ್? ಕ್ವಾಯರಿನಲ್ಲಿ ಗಂಡಸರ ಮೇಲಿನ ದನಿ ಅವನದೇ ಆಗಿತ್ತು. ಈಗ ವಿದ್ಯಾರ್ಥಿ ಸಮಿತಿಯ ಅಧ್ಯಕ್ಷ. ಫುಮ್ಲಾ ಎಲ್ಲಿ ಹೋದರೂ ಅವನೇ ಮನೆತನಕ ಬಂದು ಬಿಟ್ಟು ಹೋಗುತ್ತಾನೆ. ಚಿಂತೆ ಮಾಡಬೇಡ.

ವುಸುಂಝಿ

* * *

ಸೀ ಪಾಯಿಂಟ್
27 ಏಪ್ರಿಲ್ 1986

ದ್ಲೊಮೊ,

ಅರ್ಧ ಇಳಿಯಿತು. ಇನ್ನರ್ಧ ಇಟ್ಟುಕೊಂಡಿದ್ದೇನೆ.

ಏಪ್ರಿಲ್ ಮೊದಲ ವಾರದಲ್ಲಿ ಕಿಟಕಿಗೆ ಕಂಬಳಿ ಹೊದಿಸುವಂಥ ಚಳಿ ಎಜೊಲೆನಿಯಲ್ಲಿ ನಾನಂತೂ ಕಂಡಿಲ್ಲ. ನಿನಗೆ ವಯಸ್ಸಾಗುತ್ತಿರಬೇಕು. ಆ ಝಮಿಲೆ ನನ್ನ ಮಗಳನ್ನು ಮನೆಗೆ ಬಿಡುವುದು ಒಳ್ಳೆಯದೇ, ಬಾಗಿಲಲ್ಲೇ ಬಿಡಲಿ. ಮಾಂಬೆಲೆ ನನ್ನ ಜೊತೆ ಚರ್ಚಿನ ತಾಯಂದಿರ ಸಂಘದ ಕೆಂಪು ರವಿಕೆ ತೊಟ್ಟು ಗುರುವಾರದ ಪ್ರಾರ್ಥನೆಗೆ ಕೂತವಳು, ಅಕ್ಕತಂಗಿಯಂಥವಳು. ಅವಳ ಮಗ ಎಂದು ಸುಮ್ಮನಿದ್ದೇನೆ.

ಸ್ವರ ಕಳಿಸಿದೆ, ಪದ ಕಳಿಸಲಿಲ್ಲ. ಸಂಜೆಯ ಬಗ್ಗೆ ಏನು ಹೇಳುತ್ತದೆ ಆ ಹಾಡು? ಬರೆದು ಕಳಿಸು.

ಇಲ್ಲಿ ಒಂದು ಮಾತಾಯಿತು. ಮೇಡಂ ಮಗಳು ನಾಲ್ಕು ವರ್ಷದಿಂದ ಪಿಯಾನೋ ಕಲಿಯುತ್ತಿದ್ದಾಳೆ, ವಾರಕ್ಕೆ ಎರಡು ಸಲ ಟೀಚರ್ ಮನೆಗೇ ಬರುತ್ತಾರೆ. ನನ್ನ ಮಗಳೂ ಹಾಡುತ್ತಾಳೆ, ಈ ಸಲ ಸ್ಪರ್ಧೆಯಲ್ಲಿ ಒಬ್ಬಳೇ ಹಾಡುತ್ತಾಳೆ ಎಂದೆ. ಮೇಡಂ ನಕ್ಕು ಹೇಳಿದರು: “ನಿಮ್ಮ ಜನಕ್ಕೇನಮ್ಮಾ, ಅದು ರಕ್ತದಲ್ಲೇ ಬಂದಿರತ್ತೆ. ನೀವು ಕಲೀಬೇಕಾಗೇ ಇಲ್ಲ.” ಹೊಗಳಿದ್ದೇನೆ ಎಂದೇ ಅವರು ತಿಳಿದುಕೊಂಡಿದ್ದಾರೆ. ನಿನ್ನ ಇಪ್ಪತ್ತೆರಡು ವರ್ಷ, ಅವಳು ಗಂಟಲು ಕಟ್ಟಿಸಿಕೊಂಡು ಕಲಿತದ್ದು, ಎಲ್ಲವನ್ನೂ ಒಂದು ನಗುವಿನಲ್ಲಿ ಒರೆಸಿಹಾಕಿದರು. ನನ್ನ ಮಗಳು ಆ ಹಾಡನ್ನು ನಾಲ್ಕು ಜನರ ಮುಂದೆ ಹಾಡಿದಳು ಎಂಬ ಸುದ್ದಿ ನನಗೆ ಬೇಕು.

ಕಾಲರಿಗೆ ಲೇಸ್ ಇರುವ ಬಿಳಿ ರವಿಕೆ ಪಾರ್ಸೆಲ್ ಮಾಡಿದ್ದೇನೆ.

ಅಕ್ಕ

* * *

ಎಜೊಲೆನಿ
20 ಮೇ 1986

ಮಾದ್ಲೊಮೊ ಅಕ್ಕ,

ರವಿಕೆ ಬಂತು. ತೋಳು ಕೊಂಚ ಉದ್ದ. ಅವಳು ತೊಟ್ಟುಕೊಂಡು ಕನ್ನಡಿ ಮುಂದಿನಿಂದ ಏಳಲೇ ಇಲ್ಲ.

ಕಳೆದ ಶನಿವಾರ, 17ಕ್ಕೆ, ಚರ್ಚಿನ ಸಭಾಂಗಣದಲ್ಲಿ ಕಾನ್ಸರ್ಟ್ ಇತ್ತು. ಚಾವಣಿ ರಿಪೇರಿಗೆ ದುಡ್ಡೆತ್ತುವುದಕ್ಕೆ. ಮೇಜಿನ ಹಿಂದೆ ಹಿರಿಯ ಎಂಗೆಕೆ ಕೂತಿದ್ದರು, ಅದೇ ಗಂಟೆ, ಅದೇ ತಟ್ಟೆ. ನೀನಿದ್ದಾಗಿನ ಹಾಗೇ. ತಟ್ಟೆಗೆ ಕಾಸು ಹಾಕಿದವನ ಮಾತು ನಡೆಯಬೇಕು, ಅವನಿಗಿಂತ ಹೆಚ್ಚು ಹಾಕಿ ಮತ್ತೊಬ್ಬ ಅದನ್ನು ಮುರಿಯುವ ತನಕ. ಯಾರೋ ಹತ್ತು ಸೆಂಟು ಹಾಕಿ “ಮೇಷ್ಟ್ರು ಟೈ ಬಿಚ್ಚಿ ನಿಲ್ಲಲಿ” ಎಂದರು. ಬಿಚ್ಚಿದೆ. ಮಾಂಸದಂಗಡಿಯವನು ಹದಿನೈದು ಹಾಕಿ “ಕಟ್ಕೊಳ್ಳಲಿ, ಕತ್ತು ನೋಡಕ್ಕಾಗ್ತಿಲ್ಲ” ಎಂದ. ಕಟ್ಟಿಕೊಂಡೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ಝಮಿಲೆ ಎದ್ದು ಬಂದು ಐವತ್ತು ಸೆಂಟು ಹಾಕಿದ. “ಮೇಷ್ಟ್ರ ಕ್ವಾಯರ್ ಕೂತ್ಕೊಳ್ಳಲಿ” ಎಂದ.

ಇಂಥದ್ದು ಎಷ್ಟು ಸಲ ಆಗಿಲ್ಲ, ಹೇಳು. ಕೂರಿಸುವವರಿದ್ದರೆ ಏಳಿಸುವವರೂ ಇರುತ್ತಾರೆ. ನಾನು ತಾಳದ ಕೋಲು ಹಿಡಿದುಕೊಂಡೇ ಕಾದೆ. ಎಂಗೆಕೆ ಮೂರು ಸಲ ಕೂಗಿದರು: “ಐವತ್ತೈದು ಯಾರಾದ್ರೂ? ಅರವತ್ತು?” ಇನ್ನೂರು ಜನ ತಮ್ಮ ತಮ್ಮ ಮೊಣಕಾಲು ನೋಡಿಕೊಂಡು ಕೂತಿದ್ದರು. ಮಾಂಸದಂಗಡಿಯವನು ಟೋಪಿ ಹಾಕಿಕೊಂಡು ಎದ್ದೇ ಹೋದ. ನಾವು ಕೂತೆವು.

ತಿಂಗಳ ನಡುವೆ ಜನರ ಕೈಯಲ್ಲಿ ಕಾಸಿರುವುದಿಲ್ಲ, ಅದಕ್ಕೇ ಹೀಗಾಗಿದ್ದು. ಮಾಂಬೆಲೆಯವರೂ ಇರಲಿಲ್ಲ, ತಂಗಿಯ ಬಾಣಂತನಕ್ಕೆ ಹೋಗಿದ್ದರು. ಜೂನ್ 28ಕ್ಕೆ ಇನ್ನೊಂದು ಕಾನ್ಸರ್ಟ್ ಇದೆ, ನೋಡೋಣ. ನೀನು ತಲೆ ಕೆಡಿಸಿಕೊಳ್ಳಬೇಡ.

ವುಸುಂಝಿ

* * *

ಸೀ ಪಾಯಿಂಟ್
3 ಜೂನ್ 1986

ದ್ಲೊಮೊ,

ನಿನ್ನ ಪತ್ರ ಮೂರು ಸಲ ಓದಿದೆ. ಇಡೀ ಎಜೊಲೆನಿಯ ಕರಿಯರ ಲೊಕೇಶನ್ನಿನಲ್ಲಿ ನನ್ನ ಮಗಳ ಹಾಡಿಗೆ ಅರವತ್ತು ಸೆಂಟು ಕೊಡುವವರಿಲ್ಲವೇ? ಅಪ್ಪ ಆರು ಪೆನ್ನಿ ಹಾಕಿ ಅಮ್ಮನ ತಂಡವನ್ನು ಕೂರಿಸಿದಾಗ ಅಮ್ಮ ಹಾಲು ಮಾರಿದ ಶಿಲಿಂಗು ಹಾಕಿ ತಾನೇ ಎದ್ದು ನಿಂತಿದ್ದು ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ. ಆ ಝಮಿಲೆಗೆ ಇಷ್ಟು ಕೊಬ್ಬೇ? ಅಧ್ಯಕ್ಷನಾದ ಮೇಲೆ ತಮಾಷೆಯೂ ದೊಡ್ಡದೇ ಬೇಕಾಯಿತೇನೋ.

ಮಾಂಬೆಲೆಗೆ ಕಾಗದ ಹಾಕಿದ್ದೇನೆ, ಹೆಂಗಸರ ಮಾತು, ನಿನಗೆ ಬೇಡ. ನೀನು 28ಕ್ಕೆ ತಂಡವನ್ನು ಚೆನ್ನಾಗಿ ತಯಾರು ಮಾಡು. ಫುಮ್ಲಾ ಬಿಳಿ ರವಿಕೆ ತೊಡಲಿ. ಮಿಕ್ಕಿದ್ದು ನನಗೆ ಬಿಡು. ಏನು ಎಂದು ಕೇಳಬೇಡ, ಹೇಳುವುದಿಲ್ಲ.

ಪದ ಇನ್ನೂ ಕಳಿಸಿಲ್ಲ ನೀನು.

ಅಕ್ಕ

* * *

(ಇದನ್ನು ಬರೆದ ದಿನ ಅಂಚೆಗೆ ಹಾಕಲಿಲ್ಲ. ಜುಲೈ 8ರ ಪತ್ರದ ಜೊತೆ ಇಡುತ್ತಿದ್ದೇನೆ. ಮೊದಲು ಇದನ್ನು ಓದು. — ವುಸುಂಝಿ)

ಎಜೊಲೆನಿ
15 ಜೂನ್ 1986

ಅಕ್ಕ,

ಗುರುವಾರದಿಂದ ದೇಶಕ್ಕೆಲ್ಲ ತುರ್ತು ಪರಿಸ್ಥಿತಿ. ಪೊಲೀಸರ ದೊಡ್ಡ ಗಾಡಿಗಳು ನಮ್ಮ ಬೀದಿಯಲ್ಲೇ ತಿರುಗುತ್ತಿವೆ. ಇನ್ನು ಸುಳ್ಳು ಬರೆಯುವುದು ನನ್ನಿಂದ ಆಗುವುದಿಲ್ಲ.

ಮಕ್ಕಳ ಬಹಿಷ್ಕಾರದಿಂದ ಶಾಲೆ ಫೆಬ್ರವರಿಯಿಂದ ಮುಚ್ಚಿದ ಹಾಗೇ. ಬೋರ್ಡಿನ ಮುಂದೆ ನಿಂತು ಖಾಲಿ ಬೆಂಚುಗಳಿಗೆ ಹಾಜರಿ ಕೂಗಿ ಸಂಬಳ ತೆಗೆದುಕೊಳ್ಳುತ್ತಿದ್ದೇನೆ. ಕಿಟಕಿಗೆ ಕಂಬಳಿ ಹೊದಿಸಿದ್ದು ಚಳಿಗಲ್ಲ, ಹಾಡು ಹೊರಗೆ ಕೇಳಬಾರದೆಂದು. ಯಾಕೆಂದರೆ ಆ ಹಾಡು ಆಫ್ರಿಕಾನ್ಸ್ ಭಾಷೆಯದು, ಈ ಬಿಳಿಯರ ಸರ್ಕಾರದ, ಪೊಲೀಸರ ಭಾಷೆಯದು. ಇಲಾಖೆ ಗೊತ್ತುಮಾಡಿದ್ದು ಅದನ್ನೇ. ಪದ ಕೇಳುತ್ತಲೇ ಇದ್ದೆ ನೀನು, ಕಳಿಸಿದ್ದರೆ ಮಾರನೆಯ ದಿನವೇ ಮಗಳನ್ನು ಕರೆಸಿಕೊಳ್ಳುತ್ತಿದ್ದೆ. ಅವಳು ಹೋದರೆ ನನ್ನ ಹತ್ತಿರ ಏನೂ ಉಳಿಯುವುದಿಲ್ಲ ಎಂದು ಸುಮ್ಮನಿದ್ದೆ.

ನಿನ್ನೆ ಝಮಿಲೆ ಮನೆಗೆ ಬಂದಿದ್ದ. ನಾನು ಹೆದರಿ ಬಾಗಿಲು ತೆಗೆಯಲೇ ಇಲ್ಲ, ಫುಮ್ಲಾ ತೆಗೆದಳು. ಅವನು ಮೊದಲಿನ ಹಾಗೇ ಟೋಪಿ ಕೈಯಲ್ಲಿ ಹಿಡಿದು ನಿಂತ.

“ಸರ್, ನಿಮ್ ಕೋಲು ಎದ್ದಾಗ ಬಾಯಿ ತೆಗೀತಿದ್ವಿ, ಇಳಿದಾಗ ಮುಚ್ತಿದ್ವಿ. ಇಪ್ಪತ್ತೆರಡು ವರ್ಷ ಮೇಷ್ಟ್ರು ಕಲಿಸಿದ್ದು ಇದನ್ನೇನಾ ಅಂತ ಹುಡುಗ್ರು ಕೇಳ್ತಾರೆ. ನಾನೇನ್ ಹೇಳ್ಲಿ?”

“ಹಾಡು ಹಾಡೇ ಕಣಯ್ಯಾ. ಭಾಷೆ ಯಾವುದಾದ್ರೇನು?” ಎಂದೆ.

“ಹೋದ ವರ್ಷ ಹದಿನಾಲ್ಕು ದಿನ ಪೊಲೀಸ್ರು ನನ್ನ ಒಳಗಿಟ್ಟಿದ್ರಲ್ಲ, ಅಷ್ಟೂ ದಿನ ಆ ಭಾಷೇಲೇ ನನ್ ಹತ್ರ ಮಾತಾಡಿದ್ರು ಸರ್. ಅದ್ರಲ್ಲಿ ಸಂಜೆ ಬಗ್ಗೆ ಒಂದ್ ಮಾತೂ ಇರ್ಲಿಲ್ಲ.”

ಫುಮ್ಲಾ ಅವನಿಗೆ ಚಹಾ ಕೊಟ್ಟಳು. ಕುಡಿಯುತ್ತಾ ಅವನೇ ಹೇಳಿದ. 17ರಂದು ಮೇಲಿನ ಬಡಾವಣೆಯ ಹುಡುಗರು ಪೆಟ್ರೋಲು ತುಂಬಿದ ಬಾಟಲಿ ಇಟ್ಟುಕೊಂಡು ಸಭಾಂಗಣದ ಹಿಂದೆ ಕಾದಿದ್ದರಂತೆ, ಆ ಹಾಡು ಶುರುವಾಗಲಿ ಎಂದು. ಇವನು ಜೇಬಿನಲ್ಲಿದ್ದ ಐವತ್ತು ಸೆಂಟು ಹಾಕಿ ನಮ್ಮನ್ನು ಕೂರಿಸಿದ. ನಾವು ಓಡಬಾರದು, ನಗುತ್ತಾ ಕೂರಬೇಕು ಎಂದು.

“28ಕ್ಕೂ ಹಂಗೇ ಮಾಡಣ ಸರ್. ನೀವು ಸ್ಟೇಜ್ ಹತ್ತಿ, ಪಾದ್ರಿಗಳಿಗೆ ಬೇಜಾರಾಗೋದ್ ಬೇಡ. ನಾನು ಐವತ್ತು ಸೆಂಟ್ ಹಾಕ್ತೀನಿ, ಕೂತ್ಕೊಂಡ್ಬಿಡಿ. ಮೇಷ್ಟ್ರು ನಮ್ ಮಾತಿಗೆ ಕೂತ್ರು ಅಂತ ಹುಡುಗ್ರಿಗೆ ನಾನ್ ಹೇಳ್ಕೋತೀನಿ. ಶಾಲೆ ತೆಗೆದ ದಿನ ನಾನೇ ಬಂದು ಟೆನರ್ ಹಾಡ್ತೀನಿ.”

ಒಪ್ಪಿಕೊಂಡೆ. ನನ್ನ ಮರ್ಯಾದೆ ಉಳಿಸಲು ಬಂದ ಹುಡುಗನಿಗೆ ಬಾಗಿಲು ತೆಗೆಯದೆ ಕೂತಿದ್ದೆನಲ್ಲ ಎಂದು ನಾಚಿಕೆಯಾಯಿತು.

ಅಂಚೆ ಕಚೇರಿಯಲ್ಲಿ ಕಾಗದ ಒಡೆದು ಓದುತ್ತಾರೆ ಎನ್ನುತ್ತಾರೆ. ಇದರಲ್ಲಿ ಅವನ ಹೆಸರಿದೆ. ಹಾಕಲೋ ಬೇಡವೋ, ನಾಳೆ ಯೋಚಿಸುತ್ತೇನೆ.

ವುಸುಂಝಿ

* * *

ಎಜೊಲೆನಿ
8 ಜುಲೈ 1986

ಅಕ್ಕ,

ಫುಮ್ಲಾಳನ್ನು ಪಾದ್ರಿಗಳ ತಂಗಿಯ ಜೊತೆ ಬಸ್ಸಿಗೆ ಹತ್ತಿಸುತ್ತಿದ್ದೇನೆ. ಈ ಪತ್ರ ಅವಳ ಕೈಯಲ್ಲೇ ಬರುತ್ತದೆ. ಅವಳು ಮಾತಾಡದಿದ್ದರೆ ಬಲವಂತ ಮಾಡಬೇಡ.

28ರ ಕಾನ್ಸರ್ಟಿಗೆ ಪಾದ್ರಿಗಳು ಪೊಲೀಸ್ ಠಾಣೆಯಿಂದ ಅನುಮತಿ ತಂದಿದ್ದರು. ಈ ಕಾಲದಲ್ಲಿ ಅನುಮತಿ ಇಲ್ಲದಿದ್ದರೆ ಜೈಲು, ಅನುಮತಿ ಇದ್ದರೆ ಪೊಲೀಸರ ಕಡೆಯವರೆಂಬ ಹೆಸರು. ಹಿಂದಿನ ಗೋಡೆಗೆ ಒರಗಿ ಮೇಲಿನ ಬಡಾವಣೆಯ ಹುಡುಗರು ಆರೇಳು ಜನ ನಿಂತಿದ್ದರು. ಅವರ ಮುಖ ನಾನು ಯಾವ ತರಗತಿಯಲ್ಲೂ ನೋಡಿದ್ದಲ್ಲ.

ನಾವು ವೇದಿಕೆ ಹತ್ತಿದೆವು. ಝಮಿಲೆ ಬಂದು ಐವತ್ತು ಸೆಂಟು ಹಾಕಿ ಕೂರಲು ಹೇಳಿದ. ನಾನು ಮಕ್ಕಳಿಗೆ ಸನ್ನೆ ಮಾಡಿದ್ದೆ, ಅರ್ಧ ಜನ ಕೂತೂ ಆಗಿತ್ತು. ಆಗ ಮಾಂಬೆಲೆಯವರು ಎದ್ದರು. ಆ ಇಡೀ ಸಭೆಯಲ್ಲಿ ಝಮಿಲೆಗೆ ಹೆದರದವರು ಅವರೊಬ್ಬರೇ, ಅವನನ್ನು ಹೆತ್ತವರು. ಕೆಂಪು ರವಿಕೆ ತೊಟ್ಟು ಸೊಂಟಕ್ಕೆ ಕೈ ಕೊಟ್ಟುಕೊಂಡು ಬಂದು “ಮನೇಲಿ ನನ್ ಮಾತು ಕೇಳಲ್ಲ, ಇಲ್ಲಾದ್ರೂ ಕೇಳ್ತಾನಾ ನೋಡಣ” ಎಂದು ಇಪ್ಪತ್ತು ರ‍್ಯಾಂಡಿನ ನೋಟು ತಟ್ಟೆಗೆ ಹಾಕಿದರು. “ತಾಯಂದಿರ ಕಡೆಯಿಂದ. ಸಂಜೆ ಹಾಡು, ಫುಮ್ಲಾ ಒಂಟಿ ಹಾಡಿನ ಸಮೇತ, ಮೊದಲಿಂದ ಕೊನೇ ತನಕ.”

ಇಪ್ಪತ್ತು ರ‍್ಯಾಂಡ್ ಆ ತಟ್ಟೆಗೆ ಬಿದ್ದದ್ದು ನಾನು ಕಂಡಿಲ್ಲ. ಹೆಂಗಸರು ನಾಲಗೆ ಹೊರಳಿಸಿ ಕೇಕೆ ಹಾಕಿದರು. ಝಮಿಲೆ ಜೇಬು ತಡವಿಕೊಂಡ. ಅವನಲ್ಲಿ ಎಲ್ಲಿಂದ ಬರಬೇಕು?

ಬೇರೆ ಯಾವ ಹಾಡನ್ನಾದರೂ ಹಾಡಿಸಬಹುದಿತ್ತು. ಕೂತೇ ಇರಬಹುದಿತ್ತು. ಅಕ್ಕ, ನಾನು ಕೋಲು ಎತ್ತಿದೆ. ಮೂರು ತಿಂಗಳು ಕಂಬಳಿಯ ಹಿಂದೆ ಕಲಿಸಿದ್ದನ್ನು ಒಂದು ಸಲ ಗಾಳಿಯಲ್ಲಿ ಕೇಳಬೇಕೆಂಬ ಆಸೆಗೆ ಎತ್ತಿದೆ. ನಾಲ್ಕು ನಿಮಿಷ. ಫುಮ್ಲಾ ಹಾಗೆ ಹಾಡಿದ್ದು ನಾನು ಹಿಂದೆಂದೂ ಕೇಳಿರಲಿಲ್ಲ.

ಮುಗಿಸಿ ತಿರುಗಿದಾಗ ಗೋಡೆಯ ಹತ್ತಿರ ಯಾರೂ ಇರಲಿಲ್ಲ. ಝಮಿಲೆಯೂ ಇರಲಿಲ್ಲ.

ಮಗ ಕೂರಿಸುವುದು, ತಾಯಿ ಏಳಿಸುವುದು, ಇಬ್ಬರೂ ಸೇರಿ ನಾಟಕ ಆಡಿದರು ಎಂದು ಆ ಹುಡುಗರು ತೀರ್ಮಾನಿಸಿದ್ದರು. ಸೋಮವಾರ ಬೆಳಿಗ್ಗೆ ಝಮಿಲೆ ನದಿಯ ದಾರಿಯಲ್ಲಿ ಸಿಕ್ಕಿದ. ಹೇಗಿದ್ದ ಎಂದು ಬರೆಯುವುದಿಲ್ಲ. ಮಣ್ಣು ಮಾಡಲು ಹನ್ನೊಂದು ಜನ ಬಂದಿದ್ದರು, ಉಳಿದವರಿಗೆ ಹೆದರಿಕೆ. ಯಾರೂ ಹಾಡು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಹಾಡಿಲ್ಲದೆ ಮಣ್ಣಾದದ್ದನ್ನು ನಮ್ಮ ಲೊಕೇಶನ್ನಿನಲ್ಲಿ ನಾನು ನೋಡಿದ್ದು ಅದೇ ಮೊದಲು.

ನನ್ನ ಮನೆಯ ಗಾಜುಗಳು ಹೋದವು. ಕ್ಯಾಲೆಂಡರುಗಳನ್ನು ಅಂಗಳದಲ್ಲಿ ಸುಟ್ಟರು. ನಾನೀಗ ಚರ್ಚಿನ ಹಿಂದಿನ ಕೋಣೆಯಲ್ಲಿ ಮಲಗುತ್ತೇನೆ, ಬಾಗಿಲಿಗೆ ಬೆಂಚು ಅಡ್ಡ ಇಟ್ಟು. ಆ ಹೆಂಗಸಿಗೆ ಅವತ್ತು ಏನು ಬುದ್ಧಿ ಬಂತೋ. ಸಂಘದ ಹಣ ಎತ್ತಿ ಹಾಕಿ ಮಗನನ್ನು ಕಳೆದುಕೊಂಡಳು ಎಂದು ಎಲ್ಲರೂ ಹೇಳುತ್ತಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೇನೆ.

ವುಸುಂಝಿ

* * *

ಸೀ ಪಾಯಿಂಟ್
24 ಜುಲೈ 1986

ವುಸುಂಝಿ,

ಫುಮ್ಲಾ ತಲುಪಿದಳು. ನನ್ನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾಳೆ. ಪಾದ್ರಿಗಳ ತಂಗಿ ನಾಳೆ ವಾಪಸು ಹೊರಡುತ್ತಾರೆ, ಅದಕ್ಕೇ ಮುಚ್ಚುಮರೆ ಇಲ್ಲದೆ ಬರೆಯುತ್ತಿದ್ದೇನೆ. ಕೂತು ಓದು.

ಆ ಇಪ್ಪತ್ತು ರ‍್ಯಾಂಡ್ ಸಂಘದ್ದಲ್ಲ. ಮಾಂಬೆಲೆಯದೂ ಅಲ್ಲ. ನನ್ನದು. ಜೂನ್ 3ಕ್ಕೆ ಅವಳಿಗೆ ಕಾಗದದಲ್ಲಿಟ್ಟು ಕಳಿಸಿದ್ದೆ: ನಿನ್ನ ಮಗ ನನ್ನ ಮಗಳನ್ನು ಕೂರಿಸಿದನಂತೆ, ನೀನು ಏಳಿಸು, ನನ್ನ ಹೆಸರು ಹೇಳಬೇಡ, ಆಮೇಲೆ ನಾನೇ ಬರೆದು ಆಶ್ಚರ್ಯಪಡಿಸುತ್ತೇನೆ ಎಂದು. ಸಂಜೆ ಹಾಡು, ಮೊದಲಿಂದ ಕೊನೆಯ ತನಕ ಎಂಬ ಮಾತೂ ನನ್ನದೇ. ಅವಳು ಅಕ್ಷರ ಬಿಡದೆ ಒಪ್ಪಿಸಿದಳು.

ಅವತ್ತು, 28ರ ಶನಿವಾರ ಮಧ್ಯಾಹ್ನ, ಇಸ್ತ್ರಿ ಮಾಡುತ್ತಾ ನೀನು ಕಳಿಸಿದ ಸಾಲು ಗುನುಗುತ್ತಿದ್ದೆ. ಮೇಡಂ ಮಗಳು ಬಂದು “ಇದು ನಮ್ ಸ್ಕೂಲಲ್ಲೂ ಹಾಡ್ತೀವಿ” ಎಂದು ಪದ ಹಾಕಿ ಹಾಡಿದಳು. ಆಫ್ರಿಕಾನ್ಸ್. ಇಸ್ತ್ರಿ ಪೆಟ್ಟಿಗೆ ಕೈಯಲ್ಲೇ ಉಳಿಯಿತು, ಮೇಡಂ ಹಾಸಿಗೆ ಬಟ್ಟೆ ಸುಟ್ಟಿತು. ಅಂಚೆ ಕಚೇರಿಗೆ ಓಡಿದೆ, ತಂತಿ ಕೊಡೋಣ ಎಂದು. ಮುಚ್ಚಿತ್ತು. ಮೆಟ್ಟಿಲ ಮೇಲೆ ಕೂತೆ. ಅಷ್ಟು ಹೊತ್ತಿಗೆ ನೀವು ವೇದಿಕೆ ಹತ್ತಿದ್ದಿರಿ.

ನೀನು ಒಂದು ಕಾಗದ ಅಂಚೆಗೆ ಹಾಕಿದ್ದರೆ ಆ ಹುಡುಗ ಬದುಕಿರುತ್ತಿದ್ದ. ಇದನ್ನು ನಿನಗೆ ಹೇಳದೆ ಇರಲಾರೆ. ನಾನು ಸುಮ್ಮನಿದ್ದಿದ್ದರೂ ಬದುಕಿರುತ್ತಿದ್ದ. ಅದನ್ನು ನನಗೆ ನಾನೇ ದಿನವೂ ಹೇಳಿಕೊಳ್ಳುತ್ತಿದ್ದೇನೆ.

ಫುಮ್ಲಾಗೆ ಗೊತ್ತಿಲ್ಲ. ನಿನ್ನೆ ಆಲೂಗಡ್ಡೆ ಸುಲಿಯುವಾಗ ಮೊದಲ ಸಲ ಬಾಯಿ ಬಿಟ್ಟಳು: “ಅವನ ತಾಯೀನೇ ಅವನ್ನ ಕೊಂದಿದ್ದು ಅಮ್ಮಾ. ಇಪ್ಪತ್ತು ರ‍್ಯಾಂಡ್‌ಗೆ.” ಚಾಕು ನನ್ನ ಬೆರಳಿಗೆ ತಾಗಿತು. ನನ್ನ ಮಗಳಿಗೇ ನಾನು ಹೆದರುತ್ತಿದ್ದೇನೆ.

ಮಾಂಬೆಲೆ ಯಾಕೆ ನನ್ನ ಹೆಸರು ಹೇಳಿಲ್ಲ?

ಅಕ್ಕ

* * *

ಎಜೊಲೆನಿ
6 ಆಗಸ್ಟ್ 1986

ಅಕ್ಕ,

ನಿನ್ನ ಪತ್ರ ಓದಿ ಸುಟ್ಟುಹಾಕಿದೆ. ಇದನ್ನೂ ಓದಿ ಸುಡು.

ಅವರು ಹೇಳಿಲ್ಲ, ಹೇಳುವುದೂ ಇಲ್ಲ. ನಿನ್ನೆ ನಲ್ಲಿಯ ಹತ್ತಿರ ಸಿಕ್ಕಿದ್ದರು. ಅವರು ಬಂದರೆ ಉಳಿದ ಹೆಂಗಸರು ಬಕೆಟ್ ಎತ್ತಿಕೊಂಡು ಹೋಗುತ್ತಾರೆ. ಗುರುವಾರದ ಪ್ರಾರ್ಥನೆಯಲ್ಲಿ ಹಿಂದಿನ ಬೆಂಚಿನಲ್ಲಿ ಒಬ್ಬರೇ ಕೂರುತ್ತಾರೆ, ಕೆಂಪು ರವಿಕೆ ತೊಡಬಾರದೆಂದು ಸಂಘ ಹೇಳಿದೆಯಂತೆ. ಸಂಘದ ಡಬ್ಬಿಯಲ್ಲಿ ಒಂದು ಸೆಂಟೂ ಕಡಿಮೆಯಾಗಿಲ್ಲ ಎಂದು ಎಣಿಸಿ ನೋಡಿದ ಮೇಲೂ ಹೀಗೇ. ಹಾಗಾದರೆ ಪೊಲೀಸರು ಕೊಟ್ಟ ದುಡ್ಡು ಎಂದು ಈಗ ಹೊಸ ಮಾತು ಹುಟ್ಟಿದೆ. ನಾನು ತಡೆಯಲಾಗದೆ ಮೆಲ್ಲಗೆ ಕೇಳಿದೆ: “ಯಾರು ಕಳಿಸಿದ್ದು ಅಂತ ಯಾಕೆ ಹೇಳಲ್ಲ?”

“ನೊಂಬುಲೆಲೊ ಮಗಳು ಇನ್ನೂ ಬದುಕಿದ್ದಾಳೆ” ಎಂದರು. ಬಕೆಟ್ ತಲೆಗೇರಿಸಿಕೊಂಡು ಹೋದರು.

ಅಕ್ಕ, ಅವರೇ ಹೊತ್ತುಕೊಂಡಿದ್ದಾರೆ, ಬಿಟ್ಟುಬಿಡು. ನೀನು ಬಾಯಿ ತೆರೆದರೆ ಆ ಹುಡುಗರು ಫುಮ್ಲಾಳನ್ನು ಕೇಪ್ ಟೌನಿಗೇ ಹುಡುಕಿಕೊಂಡು ಬರುತ್ತಾರೆ. ನನ್ನನ್ನಂತೂ ಇಲ್ಲೇ ಮುಗಿಸುತ್ತಾರೆ. ಮೊದಲಿನಿಂದಲೂ ನಾನು ಹೇಡಿ, ನಿನಗೆ ಗೊತ್ತು. ಹೇಡಿಯ ಮಾತೆಂದೇ ಕೇಳು. ಬರಬೇಡ. ಏನೂ ಬರೆಯಬೇಡ. ಫುಮ್ಲಾಗೆ ಹೇಳಬೇಡ.

ವುಸುಂಝಿ

* * *

ಸೀ ಪಾಯಿಂಟ್
20 ಆಗಸ್ಟ್ 1986

ತಮ್ಮ ವುಸುಂಝಿ,

ಭಾನುವಾರ ಫುಮ್ಲಾಗೆ ಹೇಳಿದೆ.

ಅವಳು ಮಾಂಬೆಲೆಯನ್ನು ಮತ್ತೆ ಬೈಯುತ್ತಿದ್ದಳು. ಬೈಗುಳ ಮುಗಿಯಲಿ ಎಂದು ಕಾದೆ, ಮುಗಿಯಲಿಲ್ಲ. ನಡುವೆಯೇ ಹೇಳಿದೆ. ದುಡ್ಡು ನನ್ನದು, ಮಾತು ನನ್ನದು, ಅವಳು ತಂದು ಹಾಕಿದಳು ಅಷ್ಟೇ ಎಂದೆ. ಹೊಡೆಯುತ್ತಾಳೆ ಅಂದುಕೊಂಡೆ. ಎದ್ದು ಹೋಗುತ್ತಾಳೆ ಅಂದುಕೊಂಡೆ. ಅವಳು ಹಾಸಿಗೆಯ ಅಂಚಿನಲ್ಲಿ ಕೂತಳು.

ಆಮೇಲೆ ಹೇಳಿದಳು: “ಒಂಟಿ ಹಾಡು ಶುರುವಾದಾಗ ಅವನು ಬಾಗಿಲ ಹತ್ರ ನಿಂತು ತಲೆ ಆಡಿಸ್ದ ಅಮ್ಮಾ. ಬೇಡ ಅಂತ. ನಾನು ನೋಡ್ದೆ. ನೋಡೀನೂ ಹಾಡ್ದೆ. ದನಿ ಅಷ್ಟು ಚೆನ್ನಾಗಿ ಬರ್ತಿತ್ತು, ನಿಲ್ಸಕ್ಕೆ ಮನಸ್ಸು ಬರ್ಲಿಲ್ಲ.” ಇಷ್ಟು ದಿನ ಮಾಂಬೆಲೆಯನ್ನು ಅವಳು ಯಾಕೆ ಅಷ್ಟು ಬೈಯುತ್ತಿದ್ದಳು ಎಂದು ನನಗೆ ಆಗ ತಿಳಿಯಿತು. ಇಬ್ಬರೂ ಅತ್ತೆವು.

ನೀನು ಬರಬೇಡ ಎಂದಿದ್ದೀಯ. ಬರುತ್ತಿದ್ದೇವೆ. ಫುಮ್ಲಾ ಇಲ್ಲೇ ಇರಲಿ ಎಂದು ಎರಡು ದಿನ ಜಗಳವಾಡಿದೆ. ನಿನ್ನ ದುಡ್ಡು ಮಾತ್ರ ಹಾಡಲಿಲ್ಲ, ನಾನೂ ಹಾಡಿದೆ ಎಂದಳು. ಹೋದರೆ ವಾಪಸು ಕೆಲಸವಿಲ್ಲ ಎಂದು ಮೇಡಂ ಹೇಳಿದ್ದಾರೆ. ಟಿಕೆಟ್ ತೆಗೆದಾಗಿದೆ. 28ರ ಗುರುವಾರದ ಪ್ರಾರ್ಥನೆಯ ಹೊತ್ತಿಗೆ ಅಲ್ಲಿರುತ್ತೇವೆ. ಆ ಪ್ರಾರ್ಥನೆಯಲ್ಲಿ ಎದ್ದು ನಿಂತ ಹೆಂಗಸು ಮಾತು ಮುಗಿಸುವ ತನಕ ಯಾರೂ ಅವಳನ್ನು ತಡೆಯುವಂತಿಲ್ಲ. ಅಷ್ಟು ಹೊತ್ತು ನನಗೆ ಸಾಕು. ಮೊದಲು ಹಿಂದಿನ ಬೆಂಚಿಗೆ ಹೋಗಿ ಮಾಂಬೆಲೆಯ ಪಕ್ಕ ಕೂರುತ್ತೇವೆ, ಒಂದು ಕಡೆ ನಾನು, ಇನ್ನೊಂದು ಕಡೆ ಫುಮ್ಲಾ. ಆಮೇಲೆ ಏಳುತ್ತೇನೆ. ಮಾತು ಮುಗಿದ ಮೇಲೆ, ಬಾಗಿಲ ಹೊರಗೆ ಏನು ಕಾದಿರುತ್ತದೋ ಗೊತ್ತಿಲ್ಲ. ನನಗೆ ತುಂಬ ಭಯವಾಗುತ್ತಿದೆ, ವುಸುಂಝಿ. ಮಾಂಬೆಲೆ ನನ್ನನ್ನು ನೋಡಿ ಮುಖ ತಿರುಗಿಸಿದರೆ ಏನು ಮಾಡಲಿ ಎಂಬುದು ಆ ಹುಡುಗರಿಗಿಂತ ದೊಡ್ಡ ಭಯ.

ಗಂಡಸರಿಗೆ ಒಳಗೆ ಜಾಗವಿಲ್ಲ. ನೀನು ಬೆಂಚು ಸರಿಸಿ ಹೊರಗೆ ಬಂದು ಕಿಟಕಿಯ ಹತ್ತಿರ ಎಲ್ಲರಿಗೂ ಕಾಣುವ ಹಾಗೆ ನಿಂತಿರು. ಸುಡು ಎಂದದ್ದನ್ನು ಸುಟ್ಟಿದ್ದೇನೆ, ಜೂನ್ 15ರ ಕಾಗದವನ್ನು ಸುಟ್ಟಿಲ್ಲ. ತರುತ್ತಿದ್ದೇನೆ. ನಾನು ಮುಗಿಸಿದ ಮೇಲೆ ಕಿಟಕಿಯಿಂದ ನಿನ್ನ ಕೈಗೆ ಕೊಡುತ್ತೇನೆ, ಅದನ್ನು ನೀನೇ ಗಟ್ಟಿಯಾಗಿ ಓದಬೇಕು. ಅವನು ಟೋಪಿ ಕೈಯಲ್ಲಿ ಹಿಡಿದು ನಿಮ್ಮ ಮನೆಯಲ್ಲಿ ಏನು ಹೇಳಿದ ಎಂದು ಆ ತಾಯಿಗೆ ಇವತ್ತಿನ ತನಕ ಯಾರೂ ಹೇಳಿಲ್ಲ.

ನಿನ್ನ ಅಕ್ಕ
ನೊಂಬುಲೆಲೊ